ಕೆಲಸದ ಜಾಗದಲ್ಲಿ ಬಿದ್ದ ಏಟು

ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಅರೆಯುವ ಹಂಗಾಮು ಶುರುವಾದರೆ ಇಂಥ ಊರುಗಳಲ್ಲಿ ಹಗಲಿಲ್ಲ, ರಾತ್ರಿಯಿಲ್ಲ. ನಿದ್ದೆಗೆಟ್ಟವರಿಗೆ ಸಿಟ್ಟು ಬೇಗ ಬರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪಾಳಿ ಬದಲಾಗುವ ಹೊತ್ತು, ಬರಬೇಕಾದವನು ತಡವಾಗಿ ಬಂದ. ಕಾದು ದಣಿದವನು ಬೈದ. ಮಾತಿಗೆ ಮಾತು ಬೆಳೆದು, ಕೈಯಲ್ಲಿದ್ದ ಪಾನಾ ಬೀಸಿದ್ದಕ್ಕೆ ಇನ್ನೊಬ್ಬನ ಮುಂಗೈ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರೆ ಪೆಟ್ಟು ತಿಂದವನು, "ಕಾಲ್ ಜಾರಿ ಬಿದ್ದೀನ್ರೀ" ಅನ್ನುತ್ತಾನೆ. ಜೊತೆಗಾರನ ಕೆಲಸ ಹೋದೀತು, ಊರಲ್ಲಿ ವೈರ ಬೆಳೆದೀತು ಎಂಬ ಅಂಜಿಕೆ. ಆ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ ಆ ಒಂದು ಸುಳ್ಳು ಅವನ ಹಕ್ಕಿನ ಹಣಕ್ಕೇ ಕುತ್ತು ತರಬಹುದು.

ಕೆಲಸದ ಅವಧಿಯಲ್ಲಿ, ಕೆಲಸದ ಕಾರಣದಿಂದ ಆದ ಅಪಘಾತಕ್ಕೆ ಮಾಲೀಕ ಪರಿಹಾರ ಕೊಡಬೇಕು ಎಂದು 1923ರ ಕಾರ್ಮಿಕರ ಪರಿಹಾರ ಕಾಯ್ದೆ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಬೇಕೆಂದೇ ಹೊಡೆದದ್ದು ಅಪಘಾತ ಹೇಗಾದೀತು ಎಂದು ನೀವು ಕೇಳಬಹುದು. ಐರ್ಲೆಂಡಿನಲ್ಲಿ ವಿದ್ಯಾರ್ಥಿಗಳೇ ಸಂಚು ಮಾಡಿ ಶಿಕ್ಷಕರೊಬ್ಬರನ್ನು ಕೊಂದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಪೆಟ್ಟು ತಿಂದವನ ಕಡೆಯಿಂದ ನೋಡಿದರೆ ಅದು ಅಪಘಾತವೇ ಎಂದು 1914ರಲ್ಲಿ, ಆಗ ಐರ್ಲೆಂಡಿಗೂ ಕೊನೆಯ ಕೋರ್ಟಾಗಿದ್ದ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ನಮ್ಮ ಸುಪ್ರೀಂ ಕೋರ್ಟೂ 2000ದಲ್ಲಿ, ಕರ್ತವ್ಯದಲ್ಲಿದ್ದಾಗ ಕೊಲೆಯಾದ ಆಟೋ ಚಾಲಕನ ಪ್ರಕರಣದಲ್ಲಿ ಇದೇ ಹಾದಿ ಹಿಡಿಯಿತು.

ಹಾಗೆಂದು ಎಲ್ಲ ಜಗಳಕ್ಕೂ ಪರಿಹಾರವಿಲ್ಲ. ಹೊಲದ ಬದುವಿನ ಹಳೇ ತಂಟೆ ಕಾರ್ಖಾನೆಯಲ್ಲಿ ಸ್ಫೋಟಿಸಿದರೆ ಅದು ಕೆಲಸದಿಂದ ಹುಟ್ಟಿದ್ದಲ್ಲ. ಪಾಳಿ, ಯಂತ್ರ, ಹಾಜರಿಯ ವಿಷಯಕ್ಕೆ ಬಿದ್ದ ಏಟಿನ ಲೆಕ್ಕ ಬೇರೆ. ಎಲ್ಲವೂ ಜಗಳದ ಮೂಲವನ್ನೇ ಅವಲಂಬಿಸಿದೆ.

ಸಕ್ಕರೆ ಕಾರ್ಖಾನೆಯ ಕಾರ್ಮಿಕರು ಇನ್ನೊಂದನ್ನು ತಿಳಿದಿರಬೇಕು. ಕಾನೂನಿನಲ್ಲಿ ಸಕ್ಕರೆ ತಯಾರಿಕೆ ಹಂಗಾಮಿನ ಉದ್ಯಮ. ಅಂಥ ಕಾರ್ಖಾನೆ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ವ್ಯಾಪ್ತಿಯಿಂದ ಹೊರಗೆ. ಹಾಗಾಗಿ ಮಾಲೀಕನ ಹೊಣೆಯೇ ಇವರಿಗೆ ಆಸರೆ. ಕಾರ್ಖಾನೆ ತನ್ನ ಕೆಲಸವನ್ನು ಗುತ್ತಿಗೆದಾರನ ಕೈಲಿ ಮಾಡಿಸಿದರೂ ಆ ಹೊಣೆ ತಪ್ಪುವುದಿಲ್ಲ.

ಹೊಡೆದವನ ಮೇಲೆ ಪೊಲೀಸ್ ಪ್ರಕರಣ ಬೇರೆ, ಪರಿಹಾರ ಬೇರೆ. ಎಲುಬು ಮುರಿದರೆ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅದು ತೀವ್ರ ಗಾಯ. ಏಳು ವರ್ಷದವರೆಗೆ ಸಜೆಯಾಗಬಹುದು.

ಆದ್ದರಿಂದ ಪೆಟ್ಟು ಬಿದ್ದ ದಿನವೇ ಡಾಕ್ಟರ ಮುಂದೆ ಇದ್ದದ್ದು ಇದ್ದಂತೆ ಹೇಳಿ, ವೈದ್ಯಕೀಯ-ಕಾನೂನು ಪ್ರಕರಣ, ಅಂದರೆ ಎಂಎಲ್‌ಸಿ ಬರೆಸಿ. ಮಾಲೀಕರಿಗೆ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಪರಿಹಾರದ ಅರ್ಜಿಗೆ ಎರಡು ವರ್ಷದ ಗಡುವಿದೆ, ಅಲ್ಲಿಯತನಕ ಕಾಯಬೇಡಿ.