ವಾರಕ್ಕೊಂದು ಪೆನ್ನಿ

ಚರ್ಚು ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಗೋಪುರ, ಗಂಟೆ, ಬಣ್ಣದ ಗಾಜಿನ ಕಿಟಕಿ. ಆದರೆ ಬೆಂಗಳೂರು ದಂಡಿನ ರಿಚ್‌ಮಂಡ್ ಟೌನ್ ಬಡಾವಣೆಯ ಮೆಥೊಡಿಸ್ಟ್ ಸಭೆಯ ಚರಿತ್ರೆಯನ್ನು ಕಟ್ಟಡದಿಂದ ಆರಂಭಿಸಿದರೆ ಅದರ ತಿರುಳು ಕೈತಪ್ಪುವುದೆಂದು ನನ್ನ ಭಾವನೆ.

1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾನ್ ವೆಸ್ಲಿಯವರ ಅನುಯಾಯಿಗಳ ತಲೆಯ ಮೇಲೆ ಪ್ರಾರ್ಥನಾಮಂದಿರದ ಸಾಲವಿತ್ತು. ಹನ್ನೆರಡು ಮಂದಿಗೊಂದು ತಂಡ. ತಲೆಗೆ ವಾರಕ್ಕೊಂದು ಪೆನ್ನಿ. ಕೊಡಲಾರದವರ ಪಾಲನ್ನು ಮುಖಂಡನೇ ತುಂಬಬೇಕು. ಹಣಕ್ಕಾಗಿ ಮನೆಮನೆಗೆ ಹೋದವನಿಗೆ ಮನೆಯವರ ಕಷ್ಟಸುಖವೂ ತಿಳಿಯಿತು. ಸಾಲ ತೀರಿಸಲು ಹುಟ್ಟಿದ ಏರ್ಪಾಡು ಪರಸ್ಪರ ಯೋಗಕ್ಷೇಮ ವಿಚಾರಿಸುವ ಪದ್ಧತಿಯಾಯಿತು.

ಬೆಂಗಳೂರಿಗೆ ವೆಸ್ಲಿಯನ್ ಮಿಷನ್ 1821ರಲ್ಲೇ ಬಂದಿತ್ತು. ಅದಕ್ಕೆ ಇಂಗ್ಲೆಂಡಿನ ನೆರವಿತ್ತು. 1874ರಲ್ಲಿ ಬಂದ ಅಮೆರಿಕದ ವಿಲಿಯಂ ಟೇಲರರ ಹಟವೇ ಬೇರೆ. ಸಭೆ ತನ್ನ ವೆಚ್ಚವನ್ನು ತಾನೇ ಹೊರಬೇಕೆಂದರು ಅವರು. ಆ ಹೊರೆಯನ್ನು ಹೊತ್ತವರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಮುಖ್ಯ. 1880ರಲ್ಲಿ ಶಾಲೆಯೂ ಆರಂಭವಾಯಿತು. ಅದೇ ಮುಂದೆ ಬಾಲ್ಡ್‌ವಿನ್ ಶಾಲೆಗಳಾಗಿ ಬೆಳೆಯಿತು.

1947ರಲ್ಲಿ ವೆಸ್ಲಿಯನ್ನರು ದಕ್ಷಿಣ ಭಾರತ ಸಭೆಯಲ್ಲಿ ಐಕ್ಯವಾದರು. ಅಮೆರಿಕನ್ ಮೂಲದವರು ಹೊರಗುಳಿದು, 1981ರಲ್ಲಿ ಸ್ವಾಯತ್ತವಾದ ಭಾರತದ ಮೆಥೊಡಿಸ್ಟ್ ಚರ್ಚಾದರು. ಈ ನಡುವೆ ಅನೇಕ ಆಂಗ್ಲೋ-ಇಂಡಿಯನ್ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಾಗಳಿಗೆ ತೆರಳಿದವು.

ಕಟ್ಟಿದವರ ಮಕ್ಕಳೇ ಹೊರಟುಹೋದರೆ ಸಭೆ ಯಾರದು? ನನಗೆ ಹೊಳೆಯುವ ಉತ್ತರ ಬ್ರಿಸ್ಟಲಿನದೇ. ಭಾನುವಾರ ಬಾರದಿದ್ದವನ ಮನೆಯನ್ನು ಸೋಮವಾರ ಹುಡುಕಿಕೊಂಡು ಹೋಗುವವನೊಬ್ಬ ಇರುವತನಕ, ಪೀಠಗಳಲ್ಲಿ ಯಾರೇ ಕುಳಿತಿರಲಿ, ಸಭೆ ಉಳಿದೇ ಇರುತ್ತದೆ. ಅವನಿಲ್ಲದಿದ್ದರೆ ಉಳಿಯುವುದು ಗೋಪುರ ಮಾತ್ರ.