ಮಲೆನಾಡಿನ ಮನೆಗೆ ಹೊಗೆಯಿಲ್ಲದ ವಿದ್ಯುದೊಲೆ

ಸಕಲೇಶಪುರ, ಆಲೂರುಗಳ ಗುಡ್ಡಗಳಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಕಿಟಕಿ ತೆರೆಯುವಂತಿಲ್ಲ. ಸೌದೆಯೊಲೆ ಇನ್ನೂ ಉರಿಯುವ ಮನೆಗಳಲ್ಲಿ ಹೊಗೆ ಒಳಗೇ ಸುತ್ತುತ್ತದೆ. ಅದರ ಬೆಲೆಯನ್ನು ತೆರುವುದು ಒಲೆಯೂದುವವರ ಕಣ್ಣು, ಎದೆ. ಬದನೆಕಾಯನ್ನೋ ಮೀನನ್ನೋ ಸುಡಲು ಗ್ರಿಲ್ ಎಂಬ ವಿದ್ಯುದೊಲೆಯನ್ನು ಕೊಳ್ಳುವುದು ಯುಕ್ತವೆಂದೇ ನಾವು ಭಾವಿಸುತ್ತೇವೆ. ಆದರೆ ಶ್ರೋತೃಗಳೆ, ‘ಹೊಗೆಯೇ ಇಲ್ಲ’ ಎಂಬ ಅಂಗಡಿಯ ಮಾತನ್ನು ಪೂರ್ತಿಯಾಗಿ ಒಪ್ಪಲಾರೆವು. ಕಾದ ಸುರುಳಿಯ ಮೇಲೆ ಜಿಡ್ಡು ಬಿದ್ದರೆ ಅಲ್ಲಿಯೂ ಹೊಗೆಯೇ. ಜಿಡ್ಡು ಇಳಿಯಲು ಅಡಿಯಲ್ಲಿ ನೀರಿನ ತಟ್ಟೆಯುಳ್ಳದ್ದನ್ನು, ತೊಳೆಯಲು ಕಳಚಿ ಬರುವಂಥದನ್ನು ಆರಿಸತಕ್ಕದ್ದು.

ಇದಕ್ಕಿಂತ ಮುಖ್ಯವಾದುದು ವೋಲ್ಟೇಜು. ಶಾಖವು ವೋಲ್ಟೇಜಿನ ವರ್ಗವನ್ನನುಸರಿಸುತ್ತದೆ. 230 ವೋಲ್ಟಿನಲ್ಲಿ 2000 ವಾಟ್ ಕೊಡುವ ಒಲೆ, ತೋಟದ ಕೊನೆಯ ಮನೆಯಲ್ಲಿ ವೋಲ್ಟೇಜು 180ಕ್ಕಿಳಿದರೆ, ಸುಮಾರು 1225 ವಾಟ್ ಮಾತ್ರ ಕೊಟ್ಟೀತು. ಬದನೆಕಾಯಿ ಸುಡದೆ ಬೇಯುತ್ತದೆ! ಕೊಳ್ಳುವ ಮುನ್ನವೇ ಸಂಜೆಯ ಹೊತ್ತಿನಲ್ಲಿ ಮನೆಯ ವೋಲ್ಟೇಜನ್ನು ಅಳೆಯಿಸಬೇಕು. 16 ಆಂಪಿಯರಿನ ಸಾಕೆಟ್ಟೂ ಸರಿಯಾದ ಅರ್ತಿಂಗೂ ಇರಲೇಬೇಕು.

ಹಳೆಯ ಒಲೆಯನ್ನು ಮಾತ್ರ ಕೆಡವಬಾರದು. ಮರ ಬಿದ್ದು ತಂತಿ ಹರಿದ ದಿನ ಅನ್ನವಾಗುವುದು ಅದರಲ್ಲಿಯೇ. ಮೇಲಣ ಅಟ್ಟದ ಸೌದೆ ಒಣಗುವುದೂ ಅದರ ಕಾವಿನಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಅಸ್ತ್ರ ಒಲೆಗಿರುವಂತೆ ಅದಕ್ಕೂ ಒಂದು ಹೊಗೆಗೊಳವೆಯನ್ನು ಕೂಡಿಸಿಕೊಳ್ಳಬಹುದು.