ಉಳಿದ ಇಂಪ್ಲಾಂಟ್, ಬಾಳಿದ ಇಂಪ್ಲಾಂಟ್



“ಡಾಕ್ಟ್ರೇ, ಇದು ಎಷ್ಟು ವರ್ಷ ಬರುತ್ತೆ?” ಇಂಪ್ಲಾಂಟ್ ಹಾಕಿಸಿಕೊಳ್ಳಲು ಬಂದವರು ಖರ್ಚಿನ ಮಾತಿಗೆ ಮೊದಲೋ ಆಮೇಲೋ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. “ಲೈಫ್‌ಟೈಮ್ ಬರುತ್ತೆ” ಎಂದು ದಂತವೈದ್ಯರಾದ ನಮ್ಮಲ್ಲಿ ಅನೇಕರು ಹೇಳಿಬಿಡುತ್ತೇವೆ. ಹಾಗೆ ಹೇಳಲು ನಮಗೆ ಏನು ಆಧಾರವಿದೆ? ಈ ಸಂಕಿರಣದಲ್ಲಿ ನಡೆಯುವ ಚರ್ಚೆಗಳೆಲ್ಲ ಈ ಪ್ರಶ್ನೆಯ ಸುತ್ತ ತಿರುಗಬೇಕೆಂಬುದು ನನ್ನ ಆಶಯ.

ಆಧಾರವೇ ಇಲ್ಲ ಎಂದಲ್ಲ. 1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯೊಳಗಿನ ರಕ್ತಸಂಚಾರವನ್ನು ನೋಡಲು ಟೈಟಾನಿಯಂ ಚೇಂಬರ್ ಕೂರಿಸಿದರು. ಪ್ರಯೋಗ ಮುಗಿದ ಮೇಲೆ ಅದನ್ನು ತೆಗೆಯಲು ಹೋದರೆ ಬರಲಿಲ್ಲ. ಮೂಳೆ ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಯೋಸ್ಟಾ ಲಾರ್ಸನ್ ಎಂಬುವರ ಕೆಳದವಡೆಗೆ ಅವರು ನಾಲ್ಕು ಟೈಟಾನಿಯಂ ಇಂಪ್ಲಾಂಟ್ ಹಾಕಿದರು.  ಲಾರ್ಸನ್ 2006ರಲ್ಲಿ ತೀರಿಕೊಂಡರು. ನಾಲ್ಕು ದಶಕ ದಾಟಿದರೂ ಆ ಇಂಪ್ಲಾಂಟ್‌ಗಳು ಕೊನೆಯವರೆಗೆ ಕೆಲಸ ಮಾಡುತ್ತಿದ್ದವು. “ಲೈಫ್‌ಟೈಮ್” ಎಂಬ ಮಾತು ಸುಳ್ಳಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಒಬ್ಬರ ಬಾಯಲ್ಲಿ ಆದದ್ದು ಎಲ್ಲರ ಬಾಯಲ್ಲೂ ಆಗುತ್ತದೆ ಎನ್ನಲು ಆ ಒಂದು ಸಾಕ್ಷಿ ಸಾಲದು.

ಬ್ರೋನೆಮಾರ್ಕ್‌ಗೆ ಮುಂಚೆಯೂ ಇಂಪ್ಲಾಂಟ್‌ಗಳಿದ್ದವು ಎಂಬುದನ್ನು ಕಿರಿಯರು ನೆನಪಿಡಬೇಕು. ಮೂಳೆಯ ಮೇಲೆ, ವಸಡಿನ ಕೆಳಗೆ ಲೋಹದ ಚೌಕಟ್ಟು ಕೂರಿಸುವ ವಿಧಾನ 1940ರ ದಶಕದ್ದು. ಮೂಳೆಯೊಳಗೆ ತಗಡಿನಂತೆ ಇಳಿಸುವ ಬ್ಲೇಡ್ ಇಂಪ್ಲಾಂಟ್ 1960ರ ದಶಕದ ಕೊನೆಯಿಂದ ಅಮೆರಿಕದಲ್ಲಿ ಹೆಸರು ಮಾಡಿತು. ಇವುಗಳ ಸುತ್ತ ಮೂಳೆಗೆ ಬದಲು ನಾರಿನ ಪೊರೆ ಬೆಳೆಯುತ್ತಿತ್ತು. ಅದು ಸ್ವಾಭಾವಿಕ ಹಲ್ಲಿನ ಸುತ್ತಲಿನ ಪೊರೆಯಂತೆಯೇ ಎಂದು ವಾದಿಸಿದವರೂ ಇದ್ದರು. ಆ ಕಾಲದ ನಿರೀಕ್ಷೆ ಎಷ್ಟು ಕಡಿಮೆ ಇತ್ತೆಂದರೆ, 1978ರಲ್ಲಿ ಹಾರ್ವರ್ಡ್‌ನಲ್ಲಿ ಸೇರಿದ ತಜ್ಞರು ಐದು ವರ್ಷಕ್ಕೆ ನೂರರಲ್ಲಿ 75 ಪ್ರಕರಣಗಳಲ್ಲಿ ಇಂಪ್ಲಾಂಟ್ ಕೆಲಸ ಮಾಡುತ್ತಿದ್ದರೆ ಅದನ್ನು ಯಶಸ್ಸೆಂದೇ ಒಪ್ಪಿದರು.

1981ರಲ್ಲಿ ಅಡೆಲ್ ಮತ್ತು ಬ್ರೋನೆಮಾರ್ಕ್ ತಂಡ 15 ವರ್ಷಗಳ ಅನುಭವವನ್ನು ಪ್ರಕಟಿಸಿದಾಗ ಈ ಲೆಕ್ಕಾಚಾರವೇ ಬದಲಾಯಿತು. 371 ರೋಗಿಗಳು, 2,768 ಇಂಪ್ಲಾಂಟ್‌ಗಳು. ಐದರಿಂದ ಒಂಬತ್ತು ವರ್ಷ ಗಮನಿಸಿದವರಲ್ಲಿ ಕೆಳದವಡೆಯ ಇಂಪ್ಲಾಂಟ್‌ಗಳಲ್ಲಿ ನೂರಕ್ಕೆ 91, ಮೇಲ್ದವಡೆಯಲ್ಲಿ ನೂರಕ್ಕೆ 81 ಸ್ಥಿರವಾಗಿದ್ದವು. ಮೇಲ್ದವಡೆಯ ಮೂಳೆ ಮೆದು ಎಂದು ನಾವು ಇಂದಿಗೂ ಡ್ರಿಲ್ ಹಿಡಿದಾಗ ಕೈಯಲ್ಲೇ ಅರಿಯುತ್ತೇವಲ್ಲ, ಆ ಹತ್ತು ಅಂಕದ ಅಂತರದಲ್ಲಿ ಇರುವುದು ಅದೇ.

ಐದು ವರ್ಷಗಳ ನಂತರ, 1986ರಲ್ಲಿ, ಆಲ್ಬ್ರೆಕ್ಟ್‌ಸನ್, ಜಾರ್ಬ್ ಮತ್ತು ಜೊತೆಗಾರರು ಯಶಸ್ಸಿಗೆ ಅಳತೆಗೋಲು ಕೊಟ್ಟರು. ಇಂಪ್ಲಾಂಟ್ ಅಲುಗಬಾರದು, ಎಕ್ಸ್‌-ರೇಯಲ್ಲಿ ಸುತ್ತ ಕಪ್ಪು ಗೆರೆ ಕಾಣಬಾರದು, ನೋವು, ಸೋಂಕು, ಜೋಮು ಇರಬಾರದು, ಮೊದಲ ವರ್ಷದ ನಂತರ ಮೂಳೆ ಸವೆತ ವರ್ಷಕ್ಕೆ 0.2 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು. ಇಷ್ಟೆಲ್ಲ ಪಾಲಿಸಿ ಐದು ವರ್ಷಕ್ಕೆ ಶೇಕಡ 85, ಹತ್ತು ವರ್ಷಕ್ಕೆ ಶೇಕಡ 80 ಯಶಸ್ಸು ಕನಿಷ್ಠ ಎಂದರು.

ನನ್ನ ಮುಖ್ಯ ಮಾತು ಇಲ್ಲಿದೆ. ಇಂಪ್ಲಾಂಟ್ ಬಾಯಲ್ಲಿ ಉಳಿದಿದೆ ಎನ್ನುವುದು ಒಂದು ಸಂಗತಿ. ಅದು ಆರೋಗ್ಯವಾಗಿದೆ, ಅದರ ಮೇಲಿನ ಹಲ್ಲು ಮುರಿಯದೆ, ಸಡಿಲವಾಗದೆ, ರೋಗಿಗೆ ತೊಂದರೆ ಕೊಡದೆ ಬಾಳಿದೆ ಎನ್ನುವುದು ಬೇರೆಯೇ ಸಂಗತಿ. ಸುತ್ತಲಿನ ಅರ್ಧ ಮೂಳೆ ಕಳೆದುಕೊಂಡು, ವಸಡಿನಿಂದ ಕೀವು ಸೋರುತ್ತಿರುವ ಇಂಪ್ಲಾಂಟ್ ಕೂಡ ಅಂಕಿಅಂಶದಲ್ಲಿ “ಉಳಿದಿರುವ” ಇಂಪ್ಲಾಂಟೇ. ಕಂಪನಿಯ ಕರಪತ್ರದಲ್ಲಿ 98, 99 ಎಂದು ಅಚ್ಚಾಗುವುದು ಬಹುತೇಕ ಈ ಮೊದಲ ಲೆಕ್ಕ. ರೋಗಿ ಕೇಳುತ್ತಿರುವುದು ಎರಡನೆಯದನ್ನು.

ಇಂಪ್ಲಾಂಟ್‌ನ ಬಗೆ ಈ ಲೆಕ್ಕವನ್ನು ಎಷ್ಟು ಬದಲಿಸುತ್ತದೆ? ಮೊದಲ ತಲೆಮಾರಿನ ನುಣುಪು ಮೇಲ್ಮೈಯ ಟೈಟಾನಿಯಂ ಸ್ಕ್ರೂಗಳು ಕೆಳದವಡೆಯ ಮುಂಭಾಗದಲ್ಲಿ ಅಸಾಧಾರಣವಾಗಿ ಬಾಳಿವೆ. ಸ್ವೀಡನ್ನಿನಲ್ಲಿ 20 ವರ್ಷ ದಾಟಿದ ಅಧ್ಯಯನದಲ್ಲಿ ಉಳಿವು ಶೇಕಡ 99ರ ಹತ್ತಿರ ಇತ್ತು. ಮೆದು ಮೂಳೆಯಲ್ಲಿ ಮಾತ್ರ ಅವು ಆರಂಭದಲ್ಲೇ ಕೈಕೊಡುತ್ತಿದ್ದವು. ಅದಕ್ಕಾಗಿ ಮೇಲ್ಮೈಯನ್ನು ಒರಟು ಮಾಡುವ ಪ್ರಯತ್ನ ಶುರುವಾಯಿತು. 1980ರ ದಶಕದಲ್ಲಿ ಹೈಡ್ರಾಕ್ಸಿಅಪಟೈಟ್ ಲೇಪಿಸಿದ, ಮೂಳೆಗೆ ತಟ್ಟಿ ಕೂರಿಸುವ ಸಿಲಿಂಡರ್‌ಗಳು ಬಂದವು. ಮೊದಲ ಕೆಲವು ವರ್ಷ ಫಲಿತಾಂಶ ಕಣ್ಣು ಕೋರೈಸಿತು. ಆಮೇಲೆ ಲೇಪ ಕರಗಿ, ಕಿತ್ತು, ಮೂಳೆ ಕುಸಿದ ವರದಿಗಳು ಬರತೊಡಗಿದವು. ಎರಡು ವರ್ಷದ ಫಲಿತಾಂಶ ನೋಡಿ ಹೊಸ ಮೇಲ್ಮೈಯನ್ನು ಅಪ್ಪಿಕೊಳ್ಳಬಾರದು ಎಂದು ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುವುದು ಈ ಕಾರಣಕ್ಕೇ.

ಮರಳಿನಂಥ ಕಣ ಸಿಡಿಸಿ, ಆಮ್ಲದಲ್ಲಿ ಅದ್ದಿ ಮಧ್ಯಮ ಒರಟು ಮಾಡಿದ ಮೇಲ್ಮೈ ಮುಂದಿನ ಹೆಜ್ಜೆ. ಬರ್ನ್‌ನಲ್ಲಿ ಬೂಸರ್ ತಂಡ 303 ರೋಗಿಗಳ 511 ಇಂಥ ಇಂಪ್ಲಾಂಟ್‌ಗಳನ್ನು ಹತ್ತು ವರ್ಷಕ್ಕೆ ಪರೀಕ್ಷಿಸಿ 2012ರಲ್ಲಿ ವರದಿ ಮಾಡಿತು: ಉಳಿವು ಶೇಕಡ 98.8, ಯಶಸ್ಸು ಶೇಕಡ 97. ಎರಡನ್ನೂ ಬೇರೆಬೇರೆಯಾಗಿ ಬರೆದಿರುವ ಪ್ರಾಮಾಣಿಕತೆ ನನಗೆ ಇಷ್ಟ. ಆದರೆ ಅದು ಆಯ್ದ ರೋಗಿಗಳು, ನುರಿತ ಕೈಗಳು, ವಿಶ್ವವಿದ್ಯಾಲಯದ ಕಟ್ಟುನಿಟ್ಟಿನ ತಪಾಸಣೆ ಇದ್ದ ಜಾಗ.

ಹೊರಗಿನ ಪ್ರಪಂಚದಲ್ಲಿ ಹೇಗಿದೆ? ಸ್ವೀಡನ್ನಿನ ವಿಮಾ ದಾಖಲೆಯಿಂದ 2003ರಲ್ಲಿ ಚಿಕಿತ್ಸೆ ಪಡೆದವರನ್ನು ಆರಿಸಿಕೊಂಡು ಡರ್ಕ್ಸ್ ಮತ್ತು ಸಂಗಡಿಗರು ಒಂಬತ್ತು ವರ್ಷಗಳ ನಂತರ ನೋಡಿದರು. ಹಲ್ಲು ಕೂರಿಸುವ ಮೊದಲೇ ಕಳೆದುಹೋದ ಇಂಪ್ಲಾಂಟ್‌ಗಳು ಶೇಕಡ 1.4. ಅದೇ ಲೆಕ್ಕವನ್ನು ಜನರ ಮೇಲೆ ಹಾಕಿದರೆ ಶೇಕಡ 4.4. ಒಟ್ಟು ಒಂಬತ್ತು ವರ್ಷಗಳಲ್ಲಿ ನೂರಕ್ಕೆ 7.6 ಮಂದಿ ಒಂದಾದರೂ ಇಂಪ್ಲಾಂಟ್ ಕಳೆದುಕೊಂಡಿದ್ದರು. ಎರಡು ಮಿಲಿಮೀಟರ್‌ಗಿಂತ ಹೆಚ್ಚು ಮೂಳೆ ಸವೆದು, ಮುಟ್ಟಿದರೆ ರಕ್ತ ಬರುವ ಪೆರಿಇಂಪ್ಲಾಂಟೈಟಿಸ್ ನೂರಕ್ಕೆ 14.5 ಮಂದಿಯಲ್ಲಿ ಕಂಡಿತು. ಇಂಪ್ಲಾಂಟ್ ಎಣಿಸಿದಾಗ ಚಿಕ್ಕದಾಗಿ ಕಾಣುವ ತೊಂದರೆ ಮನುಷ್ಯರನ್ನು ಎಣಿಸಿದಾಗ ದೊಡ್ಡದಾಗುತ್ತದೆ. ನಮ್ಮ ಕುರ್ಚಿಯಲ್ಲಿ ಕೂರುವವರು ಮನುಷ್ಯರು; ನಾವು ಹೇಳಬೇಕಾದದ್ದು ಆ ಲೆಕ್ಕವನ್ನೇ.

ಮತ್ತೆ ಬಾರದವರ ಪ್ರಶ್ನೆಯೂ ಇದೆ. ಹತ್ತು ವರ್ಷದ ಅಧ್ಯಯನಗಳಲ್ಲಿ ತಪಾಸಣೆಗೆ ಬಾರದೆ ಹೋದವರ ಗತಿ ಏನಾಯಿತೋ ಯಾರಿಗೂ ತಿಳಿಯದು. 2019ರಲ್ಲಿ ಪ್ರಕಟವಾದ ಒಂದು ವಿಮರ್ಶಾ ಅಧ್ಯಯನ ಹತ್ತು ವರ್ಷದ ಉಳಿವನ್ನು ಶೇಕಡ 96.4 ಎಂದು ಕಂಡುಕೊಂಡಿತು. ಬಾರದವರನ್ನೂ ಲೆಕ್ಕಕ್ಕೆ ತಂದಾಗ ಅದು 93.2ಕ್ಕೆ ಇಳಿಯಿತು. ಅಂದರೆ ಸೋಲು 3.6ರಿಂದ 6.8ಕ್ಕೆ ಏರಿತು, ಹೆಚ್ಚುಕಡಿಮೆ ಇಮ್ಮಡಿ.

ಇಂಪ್ಲಾಂಟ್‌ನ ಬಗೆಗಿಂತ ರೋಗಿಯ ಬಾಯಿ ಮುಖ್ಯ ಎನ್ನುವುದು ನನ್ನ ಖಚಿತ ಅಭಿಪ್ರಾಯ. ವಸಡು ರೋಗದಿಂದ ಹಲ್ಲು ಕಳೆದುಕೊಂಡವರಲ್ಲಿ ಹತ್ತು ವರ್ಷದ ಉಳಿವು ಶೇಕಡ 90.5, ಉಳಿದವರಲ್ಲಿ 96.5 ಎಂದು 2003ರ ಕರೂಸಿಸ್ ಅಧ್ಯಯನ ತೋರಿಸಿತು. ಚಿಕ್ಕ ಅಧ್ಯಯನವೇ; ಆದರೆ ಅದೇ ಗುಂಪುಗಳಲ್ಲಿ ಪೆರಿಇಂಪ್ಲಾಂಟೈಟಿಸ್ ಶೇಕಡ 28.6 ಮತ್ತು 5.8 ಇದ್ದುದು ನಮ್ಮನ್ನು ಎಚ್ಚರಿಸಲೇಬೇಕು. ತಂಬಾಕು ಇಂಥದೇ ಇನ್ನೊಂದು ಅಪಾಯ; ನಮ್ಮ ಕರ್ನಾಟಕದಲ್ಲಿ ವಯಸ್ಕರಲ್ಲಿ ಶೇಕಡ 22.8 ಮಂದಿ ಅದನ್ನು ಬಳಸುತ್ತಿದ್ದರು ಎನ್ನುತ್ತದೆ 2016-17ರ ರಾಷ್ಟ್ರೀಯ ಸಮೀಕ್ಷೆ. ಬೀಡಿ, ಸಿಗರೇಟು ಬಿಡದವರಿಗೆ, ಸಕ್ಕರೆ ಕಾಯಿಲೆ ಹತೋಟಿಗೆ ಬಾರದವರಿಗೆ, ವಸಡು ಇನ್ನೂ ಊದಿಕೊಂಡಿರುವವರಿಗೆ “ಈಗ ಬೇಡ, ಮೊದಲು ಇದನ್ನು ಸರಿಮಾಡೋಣ” ಎಂದು ಹೇಳುವ ಧೈರ್ಯ ಬೇಕು. ಆ ಮಾತು ಹೇಳಿದರೆ ರೋಗಿ ಪಕ್ಕದ ಬೀದಿಯ ಕ್ಲಿನಿಕ್‌ಗೆ ಹೋಗಬಹುದು. ಹೋಗಲಿ.

ಇಂಪ್ಲಾಂಟ್ ಮೇಲೆ ಕೂರಿಸಿದ ಹಲ್ಲಿನ ತೊಂದರೆಗಳನ್ನು ನಾವು ಲಘುವಾಗಿ ತೆಗೆದುಕೊಳ್ಳುತ್ತೇವೆ. ಇಂಪ್ಲಾಂಟ್ ಮೇಲೆ ನಿಂತ ಬ್ರಿಡ್ಜ್‌ಗಳಲ್ಲಿ ಐದು ವರ್ಷ ಯಾವ ಸಣ್ಣ ತೊಡಕೂ ಇಲ್ಲದೆ ಕಳೆದವರು ನೂರಕ್ಕೆ 66 ಮಂದಿ ಮಾತ್ರ: ಪಿಂಗಾಣಿ ಚೂರಾಗುವುದು, ಸ್ಕ್ರೂ ಸಡಿಲವಾಗುವುದು, ಸಿಮೆಂಟ್ ಬಿಡುವುದು. ವಸಡಿನೊಳಗೆ ಉಳಿದ ಸಿಮೆಂಟ್ ತುಣುಕು ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಉರಿಯೂತ ತರುತ್ತದೆ. ಕ್ಯಾಪ್ ಕೂರಿಸಿದ ದಿನವೇ ಒಂದು ಎಕ್ಸ್‌-ರೇ ತೆಗೆಯುವುದು ದುಬಾರಿ ಕೆಲಸವೇನಲ್ಲ. ಪೂರ್ತಿ ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್ ಮೇಲೆ ಹಲ್ಲಿನ ಸೆಟ್ ಕೂರಿಸುವುದೇ ಮೊದಲ ಆಯ್ಕೆಯಾಗಲಿ ಎಂದು 2002ರಲ್ಲಿ ಮೆಕ್‌ಗಿಲ್‌ನಲ್ಲಿ ತಜ್ಞರು ಒಪ್ಪಿದರು. ಸರ್ಕಾರಿ ಆಸ್ಪತ್ರೆಗೆ ಬರುವ ಅಜ್ಜ ಅಜ್ಜಿಯರಿಗೆ ಇದಕ್ಕಿಂತ ಹಿತವಾದ ಚಿಕಿತ್ಸೆ ನನಗೆ ಕಾಣದು. ಅದರಲ್ಲೂ ಹಿಡಿತದ ರಬ್ಬರ್, ನೈಲಾನ್ ಭಾಗಗಳನ್ನು ಆಗಾಗ ಬದಲಿಸಬೇಕು ಎಂದು ಮೊದಲೇ ಹೇಳಿಬಿಡಬೇಕು.

ಸೆರಾಮಿಕ್ ಆದ ಜಿರ್ಕೋನಿಯಾ ಇಂಪ್ಲಾಂಟ್‌ಗಳ ಬಗ್ಗೆ ಇಲ್ಲಿ ಬಿಸಿ ಚರ್ಚೆ ಆಗಲಿದೆ ಎಂದು ಗೊತ್ತು. ಬಿಳಿ ಬಣ್ಣ, ಲೋಹ ಬೇಡವೆನ್ನುವವರಿಗೆ ನೆಮ್ಮದಿ, ಸುತ್ತಲಿನ ವಸಡು ಚೆನ್ನಾಗಿ ಕೂರುತ್ತದೆ. ಐದು ವರ್ಷದ ಫಲಿತಾಂಶಗಳು ಭರವಸೆ ಕೊಡುತ್ತವೆ. ಆದರೆ ಟೈಟಾನಿಯಂ ಬಾಗುತ್ತದೆ, ಸೆರಾಮಿಕ್ ಒಡೆಯುತ್ತದೆ. ಟ್ಯೂಬಿಂಗನ್‌ನಲ್ಲಿ 1970ರ ದಶಕದಲ್ಲಿ ಬಂದ ಅಲ್ಯೂಮಿನಾ ಇಂಪ್ಲಾಂಟ್‌ಗಳು ಮುರಿದೇ ಮರೆಗೆ ಸರಿದವು. ಜಿರ್ಕೋನಿಯಾ ಅಲ್ಯೂಮಿನಾಕ್ಕಿಂತ ಬಹಳ ಗಟ್ಟಿ, ನಿಜ. ಆದರೂ ಟೈಟಾನಿಯಂಗೆ ಇರುವ 20, 30 ವರ್ಷಗಳ ದಾಖಲೆ ಅದಕ್ಕೆ ಇನ್ನೂ ಬಂದಿಲ್ಲ. ರೋಗಿಗೆ ಅದನ್ನು ಹೇಳಿಯೇ ಹಾಕಬೇಕು.

ಕೊನೆಯದಾಗಿ, ನಮ್ಮ ಹೊರರೋಗಿ ವಿಭಾಗದಲ್ಲಿ ಪದೇ ಪದೇ ನಡೆಯುವ ಒಂದು ಪ್ರಸಂಗ. ಬೇರೆ ಊರಿನಲ್ಲಿ ವರ್ಷಗಳ ಹಿಂದೆ ಹಾಕಿಸಿದ ಇಂಪ್ಲಾಂಟ್‌ನ ಕ್ಯಾಪ್ ಸಡಿಲವಾಗಿ ರೋಗಿ ಬರುತ್ತಾರೆ. ಇಂಪ್ಲಾಂಟ್ ಗಟ್ಟಿಯಾಗಿದೆ, ಸ್ಕ್ರೂ ಮಾತ್ರ ಸಡಿಲ. ನಮ್ಮ ಟ್ರೇಯಲ್ಲಿರುವ ಡ್ರೈವರ್‌ಗಳನ್ನು ಒಂದೊಂದಾಗಿ ತೂರಿಸಿ ನೋಡುತ್ತೇವೆ: ಆರು ಮೂಲೆಯದು ಕೂರದು, ನಕ್ಷತ್ರದ ಆಕಾರದ್ದು ಜಾರುತ್ತದೆ. ಯಾವ ಕಂಪನಿ ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. ಹಾಕಿದ ಕ್ಲಿನಿಕ್ ಮುಚ್ಚಿದೆ. ಎಕ್ಸ್‌-ರೇ ಹಿಡಿದು ಕತ್ತಿನ ಆಕಾರ, ಎಳೆಗಳ ಅಂತರ, ತುದಿಯ ರಂಧ್ರ ನೋಡಿ ಊಹಿಸುತ್ತಾ ಕೂರುತ್ತೇವೆ. ಕೊನೆಗೆ ಚೆನ್ನಾಗಿರುವ ಇಂಪ್ಲಾಂಟ್‌ನ ಕ್ಯಾಪನ್ನು ಕೊಯ್ದು ತೆಗೆಯಬೇಕಾಗುತ್ತದೆ. ಈ ಇಂಪ್ಲಾಂಟ್ ಉಳಿದಿದೆಯೇ? ಉಳಿದಿದೆ. ಬಾಳಿತೇ? ಒಂದು ಚೀಟಿ ಇಲ್ಲದ ಕಾರಣಕ್ಕೆ ಬಾಳಲಿಲ್ಲ.

ಪ್ರತಿ ಇಂಪ್ಲಾಂಟ್ ಡಬ್ಬಿಯಲ್ಲೂ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಬರುತ್ತದೆ. ಒಂದನ್ನು ನಿಮ್ಮ ಕೇಸ್ ಶೀಟಿಗೆ, ಇನ್ನೊಂದನ್ನು ರೋಗಿಯ ಕೈಗೆ ಕೊಡುವ ಕಾರ್ಡಿಗೆ ಅಂಟಿಸಿ. ಹಲ್ಲು ಕೂರಿಸಿದ ದಿನದ ಎಕ್ಸ್‌-ರೇ ಜೋಪಾನ ಮಾಡಿ. ಮುಂದಿನ ಮೂಳೆ ಸವೆತವನ್ನು ಅಳೆಯಲು ಅದೇ ಆರಂಭದ ಗೆರೆ. ವರ್ಷಕ್ಕೊಮ್ಮೆ ಫೋನ್ ಮಾಡಿ ಕರೆಸಿ, ಪ್ರೋಬ್ ಹಾಕಿ ನೋಡಿ, ಬರೆದಿಡಿ. ಬಾರದವರ ಹೆಸರನ್ನೂ ಬರೆದಿಡಿ. ಈ ಸಂಕಿರಣ ಮುಗಿಯುವ ಮೊದಲು ಇಲ್ಲಿರುವ ಕಾಲೇಜುಗಳೂ ಕ್ಲಿನಿಕ್‌ಗಳೂ ಒಂದೇ ನಮೂನೆಯ ದಾಖಲೆ ಪುಟವೊಂದನ್ನು ಒಪ್ಪಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ. ಹಾಗಾದರೆ ಹತ್ತು ವರ್ಷದ ನಂತರ “ಎಷ್ಟು ವರ್ಷ ಬರುತ್ತೆ” ಎಂದು ಕೇಳಿದವರಿಗೆ ಸ್ವೀಡನ್ನಿನ ಜೊತೆಗೆ ನಮ್ಮ ಜನರದೇ ಲೆಕ್ಕವನ್ನೂ ಕೊಡಬಹುದು. ಆ ಪುಟದ ಕರಡು ನಿಮ್ಮ ಕಡತದಲ್ಲಿದೆ. ದಯವಿಟ್ಟು ತಿದ್ದಿ, ನಾಳೆ ಸಂಜೆಯೊಳಗೆ ಸಂಘಟಕರಿಗೆ ತಲುಪಿಸಿ.